ಪುಸ್ತಕದ ದೃಶ್ಯ ಚಿತ್ರದಲ್ಲಿಲ್ಲ, ಸರಿ; ಅದರ ಕೆಲಸ ಯಾರು ಮಾಡಿದರು?

ಪ್ರಶ್ನೆ: ಜನಪ್ರಿಯ ಮಕ್ಕಳ ಕಾದಂಬರಿಯೊಂದನ್ನು ಆಧರಿಸಿದ ಫ್ಯಾಂಟಸಿ ಚಿತ್ರದ ಎರಡನೇ ಭಾಗವನ್ನು ಮನೆಮಂದಿ ಒಟ್ಟಿಗೆ ನೋಡಿದೆವು. ಪುಸ್ತಕವನ್ನು ಮೂರು ಸಲ ಓದಿರುವ ಹನ್ನೊಂದು ವರ್ಷದ ಮಗಳು ‘ಎಲ್ಲಾ ಹಾಳು ಮಾಡಿದ್ದಾರೆ’ ಎಂದು ಸಿಟ್ಟಾದಳು. ಪುಸ್ತಕ ಓದದ ನನಗೆ ಚಿತ್ರ ಹಿಡಿಸಿತು. ಮೊದಲ ಭಾಗವನ್ನು ಬಹಳ ಮೆಚ್ಚಿದ್ದ ನನ್ನ ತಮ್ಮನಿಗೆ ಇದು ಸಪ್ಪೆ ಅನ್ನಿಸಿತು. ಮಗಳು ಈಗ ಶಾಲೆಯ ಗೋಡೆಪತ್ರಿಕೆಗೆ ಇದರ ವಿಮರ್ಶೆ ಬರೆಯಲು ಹೊರಟಿದ್ದಾಳೆ. ಇಂಥ ಚಿತ್ರವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಪುಸ್ತಕಕ್ಕೆ ಎಷ್ಟು ನಿಷ್ಠವಾಗಿದೆ ಎಂದೋ, ಮೊದಲ ಭಾಗಕ್ಕೆ ಹೋಲಿಸಿಯೋ, ಅಥವಾ ಎರಡನ್ನೂ ಮರೆತೋ?

ಉತ್ತರ: ನಿಮ್ಮ ಮನೆಯ ಮೂವರೂ ನೋಡಿದ್ದು ಒಂದೇ ಚಿತ್ರ, ತೂಗಿದ್ದು ಮೂರು ಬೇರೆ ತಕ್ಕಡಿಗಳಲ್ಲಿ. ಮಗಳ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಪುಸ್ತಕವಿತ್ತು, ತಮ್ಮನದರಲ್ಲಿ ಮೊದಲ ಭಾಗವಿತ್ತು, ನಿಮ್ಮದರಲ್ಲಿ ಏನೂ ಇರಲಿಲ್ಲ. ಮೂರೂ ನ್ಯಾಯವಾದ ತೂಕಗಳೇ. ಮೂರನ್ನೂ ಕಲಸಿ ‘ಐದಕ್ಕೆ ಎರಡೂವರೆ’ ಎಂದು ಒಂದೇ ಅಂಕ ಕೊಟ್ಟಾಗ ಮಾತ್ರ ತಪ್ಪಾಗುತ್ತದೆ, ಏಕೆಂದರೆ ಯಾವುದರಲ್ಲಿ ಗೆದ್ದಿತು, ಯಾವುದರಲ್ಲಿ ಸೋತಿತು ಎಂಬುದು ಆ ಅಂಕದಲ್ಲಿ ಕಾಣುವುದಿಲ್ಲ. ಆದ್ದರಿಂದ ಮೂರು ತೀರ್ಪುಗಳನ್ನು ಬೇರೆ ಬೇರೆಯಾಗಿಯೇ ಬರೆಯುವುದು ಒಳ್ಳೆಯದು. ಆದರೆ ಮೂರಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ.

‘ಇದು ಪುಸ್ತಕದಲ್ಲಿ ಇತ್ತೇ?’ ಎಂದು ಕೇಳಿದರೆ ಇತ್ತು, ಇಲ್ಲ ಎನ್ನುವ ಪಟ್ಟಿ ಸಿಗುತ್ತದೆಯೇ ಹೊರತು ವಿಮರ್ಶೆ ಸಿಗುವುದಿಲ್ಲ. ಕೇಳಬೇಕಾದದ್ದು ಹೀಗೆ: ಪುಸ್ತಕದಲ್ಲಿ ಆ ದೃಶ್ಯ ಯಾವ ಕೆಲಸ ಮಾಡುತ್ತಿತ್ತು? ಚಿತ್ರದಲ್ಲಿ ಈಗ ಆ ಕೆಲಸವನ್ನು ಯಾರು ಮಾಡುತ್ತಿದ್ದಾರೆ? ಒಂದು ದೃಶ್ಯ ಕಥೆಯಲ್ಲಿ ಸುಮ್ಮನೆ ಕೂತಿರುವುದಿಲ್ಲ. ಮುಂದೆ ಬೇಕಾಗುವ ಸಂಗತಿಯನ್ನು ಅದು ಮೊದಲೇ ಕಿವಿಗೆ ಹಾಕಿರುತ್ತದೆ, ಇಬ್ಬರ ನಡುವೆ ಬಿರುಕು ತರುತ್ತದೆ, ಮಂತ್ರಕ್ಕೆ ಎಲ್ಲಿಯವರೆಗೆ ಶಕ್ತಿ ಎಂದು ತಿಳಿಸುತ್ತದೆ, ಕೆಲವೊಮ್ಮೆ ಓದುವ ಮಗುವಿಗೆ ಬರೀ ಉಸಿರಾಡಲು ಬಿಡುವು ಕೊಡುತ್ತದೆ. ದೃಶ್ಯ ಹೋದರೂ ಕೆಲಸ ಉಳಿದಿದ್ದರೆ ಅದು ಒಳ್ಳೆಯ ರೂಪಾಂತರ. ದೃಶ್ಯ ಉಳಿದು ಕೆಲಸ ಹೋಗಿದ್ದರೆ ಅದು ಪುಸ್ತಕದ ಚಿತ್ರಪಟಗಳ ಮೆರವಣಿಗೆ. ಎರಡೂ ಹೋಗಿದ್ದರೆ ನಿಮ್ಮ ಮಗಳ ಸಿಟ್ಟು ನ್ಯಾಯವಾದದ್ದು.

ಹ್ಯಾರಿ ಪಾಟರ್ ಸರಣಿಯ ಮೂರನೆಯ ಚಿತ್ರ, ಅಲ್ಫೋನ್ಸೊ ಕ್ವಾರೋನ್ 2004ರಲ್ಲಿ ನಿರ್ದೇಶಿಸಿದ ‘ಪ್ರಿಸನರ್ ಆಫ್ ಅಜ್ಕಬಾನ್’, ಇದನ್ನು ಕಲಿಯಲು ಅತ್ಯುತ್ತಮ ಪಾಠ. ಕೆಲಸ ಕಳೆದುಹೋದದ್ದು, ಕೆಲಸ ಉಳಿದದ್ದು, ಎರಡೂ ಬಗೆ ಒಂದೇ ಚಿತ್ರದಲ್ಲಿ ಸಿಗುತ್ತವೆ. ಶಾಲೆಯೊಳಗೆ ಯಾರು ಎಲ್ಲಿ ಓಡಾಡುತ್ತಿದ್ದಾರೆಂದು ತೋರಿಸುವ ಮಾಯಾ ನಕ್ಷೆಯೊಂದು ಹ್ಯಾರಿಗೆ ಸಿಗುತ್ತದೆ. ಪುಸ್ತಕದಲ್ಲಿ ಅದನ್ನು ಮಾಡಿದ ನಾಲ್ವರು ಯಾರೆಂಬುದು ಕೊನೆಗೆ ಬಯಲಾಗುತ್ತದೆ: ಅವರಲ್ಲಿ ಒಬ್ಬ ಹ್ಯಾರಿಯ ಸತ್ತುಹೋದ ತಂದೆ, ಅವನು ಸಾರಂಗದ ರೂಪ ತಾಳಬಲ್ಲವನಾಗಿದ್ದ. ಅದು ಗೊತ್ತಾದ ಮೇಲೆ, ಹ್ಯಾರಿಯ ಮಂತ್ರದಂಡದಿಂದ ಹೊಮ್ಮುವ ಬೆಳಕು ಸಾರಂಗವಾಗಿದ್ದದ್ದು ಏಕೆ ಎಂಬುದು ಎದೆಗೆ ತಾಕುತ್ತದೆ. ಚಿತ್ರದಲ್ಲಿ ನಕ್ಷೆಯಿದೆ, ಅದರ ಮೇಲೆ ನಾಲ್ಕು ಅಡ್ಡಹೆಸರುಗಳಿವೆ, ಬೆಳಕಿನ ಸಾರಂಗವೂ ಇದೆ. ಈ ಮೂರನ್ನು ಪೋಣಿಸುವ ಒಂದೆರಡು ಮಾತು ಮಾತ್ರ ಇಲ್ಲ. ಪುಸ್ತಕ ಓದದವನಿಗೆ ಸಾರಂಗ ಸುಂದರ, ಅಷ್ಟೆ. ಈ ಲೋಪದ ಬಡ್ಡಿ ಮುಂದೆಯೂ ಕಟ್ಟಬೇಕಾಯಿತು. ಐದನೆಯ ಚಿತ್ರದಲ್ಲಿ ಹ್ಯಾರಿ, ನಕ್ಷೆ ಮಾಡಿದ ನಾಲ್ವರಲ್ಲಿ ಇನ್ನೊಬ್ಬನಾದ ಸಿರಿಯಸ್‌ನ ಬಗ್ಗೆ ಗುಟ್ಟಾಗಿ ಹೇಳುವಾಗ, ನಕ್ಷೆಯ ಮೇಲಿದ್ದ ‘ಪ್ಯಾಡ್‌ಫುಟ್’ ಎಂಬ ಅಡ್ಡಹೆಸರು ಬಳಸುತ್ತಾನೆ. ಚಿತ್ರಗಳನ್ನಷ್ಟೇ ನೋಡಿದವರಿಗೆ ಅವನ ಹೆಸರು ನಕ್ಷೆಯ ಮೇಲೆ ಏಕಿತ್ತೆಂದು ನೆಟ್ಟಗೆ ಹೇಳಿದವರೇ ಇಲ್ಲ.

ಅದೇ ಚಿತ್ರದ ಇನ್ನೊಂದು ಮುಖ ನೋಡಿ. ಕಾಲದಲ್ಲಿ ಮೂರು ಗಂಟೆ ಹಿಂದಕ್ಕೆ ಹೋಗುವ ಭಾಗ ಪುಸ್ತಕದಲ್ಲಿ ಮಾತಿನ ವಿವರಣೆಯಿಂದ ನಿಲ್ಲುತ್ತದೆ. ಚಿತ್ರ ಅಲ್ಲಿ ಪುಸ್ತಕದಲ್ಲಿಲ್ಲದ್ದನ್ನು ಸೇರಿಸಿದೆ: ಹ್ಯಾರಿ ಮತ್ತು ಗೆಳೆಯರು ಗುಡಿಸಲೊಳಗಿದ್ದಾಗ ಕಿಟಕಿಯಿಂದ ಕಲ್ಲೊಂದು ತೂರಿಬರುತ್ತದೆ, ಯಾರೆಸೆದರೋ ತಿಳಿಯುವುದಿಲ್ಲ, ಆಮೇಲೆ ಕಾಲದಲ್ಲಿ ಹಿಂದಕ್ಕೆ ಬಂದ ಅವನ ಗೆಳತಿ ಹರ್ಮಿಯೋನಿಯೇ ಅದನ್ನು ಎಸೆಯುವುದನ್ನು ನೋಡುತ್ತೇವೆ. ‘ಈಗ ನಡೆದದ್ದರಲ್ಲಿ ಮುಂದಿನ ನಾವೂ ಇದ್ದೆವು’ ಎಂಬ ಕಷ್ಟದ ವಿಷಯ ಹತ್ತು ವರ್ಷದ ಮಗುವಿಗೂ ಒಂದೇ ಕಲ್ಲಿನಿಂದ ಅರ್ಥವಾಗುತ್ತದೆ. ಅದಕ್ಕೂ ಮೊದಲೇ ಶಾಲೆಯ ದೊಡ್ಡ ಗಡಿಯಾರ, ತೂಗಾಡುವ ಲೋಲಕ, ಋತು ಬದಲಾದಂತೆ ಎಲೆ ಉದುರಿಸುವ ಮರ, ಇವೆಲ್ಲ ಕಾಲದ ಕಥೆಗೆ ನೆಲ ಹದ ಮಾಡಿರುತ್ತವೆ. ಪುಸ್ತಕದಲ್ಲಿ ಇಲ್ಲದ್ದು ಪುಸ್ತಕದ ಕೆಲಸವನ್ನೇ ಮಾಡುತ್ತಿದೆ. ಇಂಥದ್ದನ್ನು ‘ಬದಲಾವಣೆ’ ಎಂಬ ಒಂದೇ ಪದದಲ್ಲಿ ನಕ್ಷೆಯ ಲೋಪದ ಪಕ್ಕ ಇಟ್ಟರೆ ದೊಡ್ಡ ಅನ್ಯಾಯ.

ಕತ್ತರಿ ಹಾಕಿದ್ದಾರೆ ಎಂಬ ದೂರಿಗೆ ಬರೋಣ. ಕತ್ತರಿ ಹಾಕಲೇಬೇಕು, ಪ್ರಶ್ನೆ ಎಲ್ಲಿ ಎಂಬುದು ಮಾತ್ರ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎನ್ನುವುದು ಚಿತ್ರರಂಗದ ರೂಢಿ ಲೆಕ್ಕ. ಹಾಗೆ ನೋಡಿದರೆ ಎರಡೂವರೆ ಗಂಟೆಯ ಚಿತ್ರಕ್ಕೆ ಸಿಗುವುದು ಸುಮಾರು 150 ಪುಟ, ಅದೂ ಅರ್ಧಕ್ಕರ್ಧ ಖಾಲಿ ಬಿಟ್ಟ ಪುಟ. ಆದರೆ ಪುಸ್ತಕದ ಹೆಚ್ಚು ಭಾಗವನ್ನು ಉಳಿಸಿಕೊಂಡ ಚಿತ್ರವೇ ಉತ್ತಮ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಪಾಟರ್ ಸರಣಿಯ ಎರಡನೆಯ ಪುಸ್ತಕ ಬ್ರಿಟಿಷ್ ಮೊದಲ ಮುದ್ರಣದಲ್ಲಿ 251 ಪುಟ, ಚಿತ್ರ 161 ನಿಮಿಷ. ನಿಮಿಷಕ್ಕೆ ಒಂದೂವರೆ ಪುಟದಷ್ಟು. ಆ ಸರಣಿಯ ಎಂಟು ಚಿತ್ರಗಳಲ್ಲಿ ಅದೇ ಅತಿ ಉದ್ದ. ಐದನೆಯ ಪುಸ್ತಕ 766 ಪುಟ, ಚಿತ್ರ 138 ನಿಮಿಷ. ನಿಮಿಷಕ್ಕೆ ಐದೂವರೆ ಪುಟ. ಮೂರನೆಯದು 317 ಪುಟಕ್ಕೆ 142 ನಿಮಿಷ. ಹೆಚ್ಚು ಉಳಿಸಿಕೊಂಡ ಎರಡನೆಯ ಚಿತ್ರಕ್ಕಿಂತ ಹೆಚ್ಚು ಬಿಟ್ಟ ಮೂರನೆಯದನ್ನೇ ವಿಮರ್ಶಕರು ಮೆಚ್ಚಿದರು. ಎರಡನೆಯದರಲ್ಲಿ ಘಟನೆಗಳೆಲ್ಲ ಸಾಲಾಗಿ ಬರುತ್ತವೆ, ಯಾವುದಕ್ಕೂ ಇನ್ನೊಂದಕ್ಕಿಂತ ಹೆಚ್ಚು ತೂಕವಿಲ್ಲ. ಅದೇ ಅದರ ದೋಷ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ನಿಮ್ಮ ಚಿತ್ರಕ್ಕೂ ಪುಟವನ್ನು ನಿಮಿಷದಿಂದ ಭಾಗಿಸಿ ನೋಡಿ. ಭಾಗಲಬ್ಧ ಮೂರಕ್ಕಿಂತ ಹೆಚ್ಚು ಬಂದರೆ ಉಪಕಥೆಗಳು ಹೋಗಿರುತ್ತವೆ ಎಂದು ಮೊದಲೇ ಒಪ್ಪಿಕೊಂಡು ಕುಳಿತುಕೊಳ್ಳಿ. ಎರಡಕ್ಕಿಂತ ಕಡಿಮೆ ಇದ್ದೂ ಮುಖ್ಯವಾದದ್ದು ಕಾಣೆಯಾಗಿದ್ದರೆ, ಸಮಯ ಸಾಲಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ಎರಡನೇ ಭಾಗದ ಕಷ್ಟಗಳೆಲ್ಲ ಒಂದೇ ಕಡೆ ಸೇರಿರುವುದು 2008ರ ‘ಪ್ರಿನ್ಸ್ ಕ್ಯಾಸ್ಪಿಯನ್’ನಲ್ಲಿ. ನಾರ್ನಿಯಾ ಸರಣಿಯ ಈ ಕಾದಂಬರಿಯನ್ನು ಸಿ.ಎಸ್. ಲೂಯಿಸ್ 1951ರಲ್ಲಿ ಪ್ರಕಟಿಸಿದರು. 2005ರ ಮೊದಲ ಚಿತ್ರವನ್ನೂ ಇದನ್ನೂ ನಿರ್ದೇಶಿಸಿದವರು ಆಂಡ್ರೂ ಆಡಮ್ಸನ್. ಕಥೆ ಸಣ್ಣದು. ಹಿಂದೆ ನಾರ್ನಿಯಾವನ್ನು ಆಳಿದ್ದ ನಾಲ್ವರು ಮಕ್ಕಳು ತಮ್ಮ ಲೆಕ್ಕದಲ್ಲಿ ಒಂದು ವರ್ಷದ ಮೇಲೆ ಮರಳಿದರೆ ಅಲ್ಲಿ ಸಾವಿರದ ಮುನ್ನೂರು ವರ್ಷ ಕಳೆದಿದೆ. ಸಿಂಹಾಸನ ಕಬಳಿಸಿದ ಚಿಕ್ಕಪ್ಪ ಮಿರಾಜ್‌ನ ವಿರುದ್ಧ ರಾಜಕುಮಾರ ಕ್ಯಾಸ್ಪಿಯನ್‌ಗೆ ಅವರು ನೆರವಾಗಬೇಕು. ಸಿಂಹ ಆಸ್ಲಾನ್ ಮೊದಲು ಕಾಣುವುದು ಕಿರಿಯಳಾದ ಲೂಸಿಗೆ ಮಾತ್ರ.

ಮೊದಲ ಬದಲಾವಣೆ ಕಥೆ ಹೇಳುವ ಕ್ರಮದಲ್ಲಿ. ಪುಸ್ತಕದಲ್ಲಿ ಮಕ್ಕಳು ದ್ವೀಪವೊಂದಕ್ಕೆ ಬಂದಿಳಿದ ಮೇಲೆ ಟ್ರಂಪ್ಕಿನ್ ಎಂಬ ಕುಳ್ಳ ಕ್ಯಾಸ್ಪಿಯನ್‌ನ ಹಿಂದಿನ ಕಥೆಯನ್ನು ನಾಲ್ಕು ಅಧ್ಯಾಯಗಳ ಉದ್ದಕ್ಕೂ ಹೇಳುತ್ತಾನೆ. ಚಿತ್ರ ಅದನ್ನು ಬಿಡಿಸಿ, ಮಿರಾಜ್‌ಗೆ ಮಗ ಹುಟ್ಟಿದ ರಾತ್ರಿ ಕ್ಯಾಸ್ಪಿಯನ್ ಕೋಟೆಯಿಂದ ಪರಾರಿಯಾಗುವುದರಿಂದಲೇ ಶುರುಮಾಡುತ್ತದೆ. ಇದು ಸಂಪೂರ್ಣ ಸರಿಯಾದ ನಿರ್ಧಾರ. ಪುಸ್ತಕದಲ್ಲಿ ಹೇಳುವವನ ದನಿಯೇ ರಂಜನೆ. ತೆರೆಯ ಮೇಲೆ ಅಷ್ಟುದ್ದದ ಫ್ಲಾಶ್‌ಬ್ಯಾಕ್ ಹಾಕಿದರೆ ಮುಖ್ಯ ಪಾತ್ರಗಳು ಅರ್ಧ ಗಂಟೆ ಕೇಳುಗರಾಗಿ ಕೂರುತ್ತವೆ. ಅಪಾಯ ಯಾರಿಗೆ, ಯಾರಿಂದ, ಏಕೆ ಈಗಲೇ ಎಂಬ ಮೂರೂ ಸಂಗತಿ ಹತ್ತು ನಿಮಿಷದೊಳಗೆ ತಿಳಿದುಹೋಗುತ್ತವೆ. ಕೆಲಸ ಉಳಿಯಿತು, ವೇಗ ಹೆಚ್ಚಿತು.

ಎರಡನೆಯದು ಓದುಗರು ಬಹಳ ಜಗಳವಾಡಿದ ಬದಲಾವಣೆ. ನಾಲ್ವರು ಮಕ್ಕಳಲ್ಲಿ ಹಿರಿಯನಾದ ಪೀಟರ್‌ನ ಹಟದಿಂದ ರಾತ್ರಿ ಹೊತ್ತು ಮಿರಾಜ್‌ನ ಕೋಟೆಯ ಮೇಲೆ ದಾಳಿ ನಡೆಯುತ್ತದೆ, ಕೆಡುತ್ತದೆ, ಕಬ್ಬಿಣದ ಹೆಬ್ಬಾಗಿಲ ಒಳಗೆ ಸಿಕ್ಕಿಬಿದ್ದವರನ್ನು ಬಿಟ್ಟು ಉಳಿದವರು ಹಿಂದಿರುಗಬೇಕಾಗುತ್ತದೆ. ಪುಸ್ತಕದಲ್ಲಿ ಈ ದಾಳಿಯೇ ಇಲ್ಲ. ಹಾಗಾದರೆ ಇದು ಬರೀ ಯುದ್ಧದ ಆಸೆಯೇ? ಕೆಲಸದ ಪ್ರಶ್ನೆ ಕೇಳಿ ನೋಡಿ. ಪುಸ್ತಕದಲ್ಲಿ ಕಣಿವೆಯ ಬಳಿ ಲೂಸಿಗೆ ಆಸ್ಲಾನ್ ಕಾಣುತ್ತಾನೆ, ಮೇಲಕ್ಕೆ ಬನ್ನಿ ಎಂಬಂತೆ ನಿಂತಿರುತ್ತಾನೆ. ಉಳಿದವರಿಗೆ ಕಾಣದು, ಮತ ಹಾಕಿ ಕೆಳಗಿನ ದಾರಿ ಹಿಡಿಯುತ್ತಾರೆ. ಅಲ್ಲಿ ಶತ್ರುಗಳ ಬಾಣ ಎದುರಾಗಿ, ನಡೆದ ದಾರಿಯನ್ನೆಲ್ಲ ಮತ್ತೆ ಹತ್ತಬೇಕಾಗುತ್ತದೆ. ಕಾಣದಿದ್ದರೂ ನಂಬದೆ, ತಮ್ಮ ಬುದ್ಧಿಯೊಂದನ್ನೇ ನೆಚ್ಚಿದ್ದಕ್ಕೆ ತೆತ್ತ ಬೆಲೆ ಅದು. ಪುಸ್ತಕದಲ್ಲಿ ಆ ಬೆಲೆ ಒಂದು ದಿನದ ದಣಿವು. ಚಿತ್ರದಲ್ಲಿ ಹೆಬ್ಬಾಗಿಲ ಹಿಂದೆ ಉಳಿದ ಮುಖಗಳು. ಕೆಲಸ ಅದೇ, ಉಪಕರಣ ಬೇರೆ. ತೆರೆಯ ಮೇಲೆ ದಾರಿ ತಪ್ಪಿ ಬೆಟ್ಟ ಹತ್ತಿಳಿಯುವುದು ತೂಕ ಕೊಡುವುದಿಲ್ಲ, ಸೋಲು ಕೊಡುತ್ತದೆ. ಈ ದಾಳಿಯನ್ನು ಪುಸ್ತಕದ್ರೋಹ ಎನ್ನುವವರ ಜೊತೆ ನಾನಿಲ್ಲ.

ಆದರೆ ಅದಕ್ಕೂ ದಂಡ ತೆರಬೇಕಾಯಿತು. ದಾಳಿ ಬಂದ ಮೇಲೆ ಚಿತ್ರದ ನಡುಭಾಗ ಪೀಟರ್ ಮತ್ತು ಕ್ಯಾಸ್ಪಿಯನ್‌ರ ಪಟ್ಟಕ್ಕಾಗಿನ ಗುದ್ದಾಟಕ್ಕೆ ಹೋಯಿತು. ಲೂಸಿ ರಾತ್ರಿ ಎದ್ದು ಆಸ್ಲಾನ್‌ನನ್ನು ಭೇಟಿಯಾಗುವುದು ಪುಸ್ತಕದ ಹೃದಯ. ಆಮೇಲೆ ಅವಳು, ಯಾರು ಬರದಿದ್ದರೂ ನಾನು ಅವನ ಹಿಂದೆ ಹೋಗುವೆ ಎಂದು ಅಣ್ಣಂದಿರನ್ನೂ ಅಕ್ಕನನ್ನೂ ಎಬ್ಬಿಸಬೇಕಾಗುತ್ತದೆ. ಮನೆಯ ಚಿಕ್ಕ ಮಗು ದೊಡ್ಡವರೆದುರು ನಿಲ್ಲುವ ಆ ಗಳಿಗೆಯೇ ಮಕ್ಕಳನ್ನು ಈ ಪುಸ್ತಕಕ್ಕೆ ಕಟ್ಟಿಹಾಕುತ್ತದೆ. ಚಿತ್ರದಲ್ಲಿ ರಾತ್ರಿಯ ಭೇಟಿ ಕನಸಾಗಿದೆ. ಕನಸಿನಿಂದ ಎದ್ದವಳಿಗೆ ಯಾರನ್ನೂ ಒಪ್ಪಿಸಬೇಕಾದ ಹೊಣೆಯಿಲ್ಲ. ಈ ಕೆಲಸವನ್ನು ಚಿತ್ರದಲ್ಲಿ ಬೇರೆ ಯಾವ ದೃಶ್ಯವೂ ಹೊತ್ತಿಲ್ಲ. ದೂರುವುದಾದರೆ ದೂರಬೇಕಾದದ್ದು ಇಲ್ಲಿ, ದಾಳಿಯನ್ನಲ್ಲ.

ಲೂಸಿಯ ಅಕ್ಕ ಸೂಸನ್ ಮತ್ತು ಕ್ಯಾಸ್ಪಿಯನ್‌ರ ನಡುವೆ ಚಿಗುರುವ ಒಲವು ಇನ್ನೊಂದು ಸೇರ್ಪಡೆ. ಇದು ಎಲ್ಲಿಂದ ಬಂತು ಎಂದು ನೋಡಿದರೆ ಪಾತ್ರವರ್ಗದ ಆಯ್ಕೆಗೆ ಹೋಗಿ ಮುಟ್ಟುತ್ತೇವೆ. ಪುಸ್ತಕದ ಕ್ಯಾಸ್ಪಿಯನ್ ಇನ್ನೂ ಹುಡುಗ. ಆ ಪಾತ್ರ ಮಾಡಿದ ಬೆನ್ ಬಾರ್ನ್ಸ್ ಇಪ್ಪತ್ತು ದಾಟಿದ ಯುವಕ. ಯುವಕ ಬಂದ, ಹಿಂದೆಯೇ ಪ್ರೇಮವೂ ಬಂತು. ಸೂಸನ್ ನಾರ್ನಿಯಾವನ್ನು ಬಿಟ್ಟು ಹೋಗುವಾಗ ಅವಳಿಗೊಂದು ನೋವು ಬೇಕಿತ್ತು ಎಂಬ ಸಮರ್ಥನೆ ಕೊಡಬಹುದು. ಆದರೆ ಅವಳಿಗೆ ನೋವಾಗಬೇಕಾದದ್ದು ಒಂದು ಲೋಕವನ್ನೇ ಕಳೆದುಕೊಂಡಿದ್ದಕ್ಕೆ. ಅಷ್ಟು ದೊಡ್ಡ ನಷ್ಟವನ್ನು ಒಂದು ಮುತ್ತಿಗೆ ಇಳಿಸಿದ್ದು ಚಿತ್ರದ ನಿಜವಾದ ತಪ್ಪು. ನೀವು ನೋಡಿದ ಚಿತ್ರದಲ್ಲೂ ಪ್ರೇಮದ ಎಳೆ ಹೊಸದಾಗಿ ಸೇರಿದ್ದರೆ, ಅದನ್ನು ಮನಸ್ಸಿನಲ್ಲೇ ತೆಗೆದು ಕ್ಲೈಮ್ಯಾಕ್ಸ್ ಮತ್ತೆ ನೆನೆಯಿರಿ. ಯಾವ ಪಾತ್ರದ ಯಾವ ನಿರ್ಧಾರವೂ ಬದಲಾಗದಿದ್ದರೆ ಆ ಎಳೆ ಅಂಟಿಸಿದ್ದು.

ಈಗ ತಮ್ಮನ ತಕ್ಕಡಿಗೆ ಬರೋಣ. ಅವರಿಗೆ ಸಪ್ಪೆ ಎನಿಸಿದ್ದರಲ್ಲಿ ಅರ್ಧ ಪಾಲು ಚಿತ್ರದ ತಪ್ಪಲ್ಲದಿರಬಹುದು. ಮೊದಲ ಭಾಗದಲ್ಲಿ ಬಾಗಿಲು ತೆರೆದರೆ ಸಾಕು, ಬೆರಗು ತಾನಾಗಿ ಬರುತ್ತದೆ. ಎರಡನೆಯ ಸಲ ಅದೇ ಬಾಗಿಲಿಗೆ ಆ ಬೆರಗಿಲ್ಲ. ಒಳ್ಳೆಯ ಎರಡನೇ ಭಾಗ ಬೆರಗಿನ ಜಾಗಕ್ಕೆ ಬೇರೇನನ್ನೋ ತರುತ್ತದೆ: ಪರಿಚಿತ ಜಾಗ ಹಾಳುಬಿದ್ದಿರುವ ದುಃಖ, ನಂಬಿದವರ ಮೇಲೆ ಬಂದ ಅನುಮಾನ, ಬೆಳೆದದ್ದರಿಂದ ಬಂದ ಹೊಣೆ. ಏನು ತಂದಿದೆ ಎಂದು ನೋಡಬೇಕೇ ಹೊರತು ಮೊದಲ ಸಲದ ಮೈನವಿರು ಮತ್ತೆ ಏಳಲಿಲ್ಲ ಎಂದು ಅಂಕ ಕಳೆಯಬಾರದು.

ಮೊದಲ ಭಾಗಕ್ಕೆ ಚಿತ್ರ ಕಟ್ಟಬೇಕಾದ ಸಾಲ ಮಾತ್ರ ನಿಜವಾದದ್ದು, ಅದು ಪುಸ್ತಕದ ಸಾಲಕ್ಕಿಂತ ಬೇರೆ. ಆಜ್ ಎಂಬ ಮಾಯಾಲೋಕದ ಕಥೆಯಲ್ಲಿ ಡೊರೊಥಿ ಎಂಬ ಹುಡುಗಿ ತೊಡುವ ಮಾಯಾ ಪಾದರಕ್ಷೆ 1900ರ ಪುಸ್ತಕದಲ್ಲಿ ಬೆಳ್ಳಿಯದು. 1939ರ ಚಿತ್ರ ಅದನ್ನು ಕೆಂಪು ಮಾಣಿಕ್ಯದ್ದು ಮಾಡಿತು, ಟೆಕ್ನಿಕಲರ್ ಎಂಬ ಬಣ್ಣದ ಚಿತ್ರತಂತ್ರದಲ್ಲಿ ಹೊಳೆಯಲೆಂದು. 46 ವರ್ಷದ ಮೇಲೆ 1985ರಲ್ಲಿ ವಾಲ್ಟರ್ ಮರ್ಚ್ ಸರಣಿಯ ಎರಡನೆಯ ಮತ್ತು ಮೂರನೆಯ ಪುಸ್ತಕಗಳನ್ನು ಬೆಸೆದು ‘ರಿಟರ್ನ್ ಟು ಆಜ್’ ಮಾಡಿದಾಗ, ಮೂರನೆಯ ಪುಸ್ತಕದ ಮಾಯಾ ಸೊಂಟಪಟ್ಟಿಯ ಜಾಗದಲ್ಲಿ ಬಂದದ್ದು ಆ ಕೆಂಪು ಪಾದರಕ್ಷೆಯೇ. ಜನರ ನೆನಪಿನಲ್ಲಿ ಕೂತಿದ್ದದ್ದು ಪುಸ್ತಕವಲ್ಲ, ಹಳೆಯ ಚಿತ್ರ. ಆ ಚಿತ್ರದ ಹಾಡು ಕುಣಿತ ನೆನೆದು ಬಂದವರಿಗೆ ಹೊಸದರ ಕತ್ತಲೆ ಕಂಗೆಡಿಸಿತು. ಮಗಳು ‘ಹೀಗಿರಲಿಲ್ಲ’ ಎಂದಾಗ ಯಾವುದರಲ್ಲಿ ಹೀಗಿರಲಿಲ್ಲ ಎಂದು ಒಮ್ಮೆ ಕೇಳಿ. ಎಷ್ಟೋ ಸಲ ಮೊದಲ ಚಿತ್ರದ ನೆನಪೇ ಪುಸ್ತಕದ ನೆನಪಾಗಿ ಕೂತಿರುತ್ತದೆ.

ಮೊದಲ ಭಾಗದ ತಪ್ಪು ಎರಡನೆಯದರ ಕೈ ಕಟ್ಟುವುದೂ ಉಂಟು. ಪರ್ಸಿ ಜಾಕ್ಸನ್ ಪುಸ್ತಕಗಳಲ್ಲಿ ನಾಯಕನಿಗೆ ಮೊದಲು ಹನ್ನೆರಡು ವರ್ಷ. ಹದಿನಾರು ತುಂಬುವಾಗ ಭವಿಷ್ಯವಾಣಿ ಫಲಿಸಬೇಕು. ಆ ನಾಲ್ಕು ವರ್ಷದ ಗಡುವೇ ಐದು ಪುಸ್ತಕಗಳನ್ನು ಓಡಿಸುವ ಎಂಜಿನ್. 2010ರ ಮೊದಲ ಚಿತ್ರ ಅವನನ್ನು ಹದಿಹರೆಯದವನನ್ನಾಗಿ ಮಾಡಿಬಿಟ್ಟಿತು. ಹಾಗಾಗಿ 2013ರ ಎರಡನೇ ಚಿತ್ರದಲ್ಲಿ ಗಡುವನ್ನು ಇಪ್ಪತ್ತಕ್ಕೆ ದೂಡಬೇಕಾಯಿತು. ಇದು ಅನಿವಾರ್ಯ, ಎರಡನೆಯ ಚಿತ್ರವನ್ನು ಬೈಯುವಂತಿಲ್ಲ. ಬೈಯಬೇಕಾದದ್ದು ಬೇರೆ: ಪುಸ್ತಕಗಳಲ್ಲಿ ಮುಖ್ಯ ಶತ್ರು ಕ್ರೋನಸ್ ಮೈತಳೆದು ಏಳುವುದು ನಾಲ್ಕನೆಯದರಲ್ಲಿ, ಈ ಚಿತ್ರ ಅವನನ್ನು ಎರಡನೆಯದರಲ್ಲೇ ಎಬ್ಬಿಸಿ, ಕೆಲವೇ ನಿಮಿಷಗಳಲ್ಲಿ ಸೋಲಿಸಿಯೂ ಬಿಟ್ಟಿತು. ಇಷ್ಟು ಸುಲಭಕ್ಕೆ ಬಿದ್ದವನಿಗೆ ಮುಂದಿನ ಭಾಗದಲ್ಲಿ ಯಾವ ಮಗು ಹೆದರುತ್ತದೆ? ಬಿತ್ತನೆಗೆ ಇಟ್ಟ ಬೀಜವನ್ನು ಹುರಿದು ತಿಂದ ಹಾಗೆ. ಆ ಸರಣಿಯಲ್ಲಿ ಮೂರನೆಯ ಚಿತ್ರ ಬರಲೇ ಇಲ್ಲ. ನಿಮ್ಮ ಮಗಳು ಮುಂದಿನ ಪುಸ್ತಕಗಳನ್ನೂ ಓದಿದ್ದರೆ ಈ ಒಂದು ವಿಷಯದಲ್ಲಿ ಅವಳ ಮಾತಿಗೆ ನಿಮ್ಮದಕ್ಕಿಂತ ಹೆಚ್ಚು ತೂಕ ಕೊಡಬೇಕು. ಯಾವ ಬೀಜ ಯಾವಾಗ ಮೊಳೆಯಬೇಕಿತ್ತು ಎಂದು ಗೊತ್ತಿರುವುದು ಅವಳಿಗೆ.

ನಟರು ಬದಲಾದದ್ದು, ಮಕ್ಕಳು ಬೆಳೆದುಬಿಟ್ಟದ್ದು, ಇವನ್ನೆಲ್ಲ ದೋಷವೆಂದು ಬರೆಯಬೇಡಿ. ಪಾಟರ್ ಚಿತ್ರಗಳಲ್ಲಿ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಆಗಿದ್ದ ರಿಚರ್ಡ್ ಹ್ಯಾರಿಸ್ 2002ರಲ್ಲಿ ತೀರಿಕೊಂಡರು, ಮೈಕಲ್ ಗ್ಯಾಂಬನ್ ಬಂದರು. ಹೊಸಬರು ಹಳಬರಂತೆ ನಟಿಸಿದರೇ ಎಂಬುದು ಮುಖ್ಯವಲ್ಲ; ಉಳಿದ ಪಾತ್ರಗಳು ಅವರನ್ನು ನೋಡುವ ರೀತಿ ಅದೇ ಆಗಿದೆಯೇ ಎಂಬುದು ಮುಖ್ಯ.

ಇನ್ನು ನಿಮ್ಮ ತಕ್ಕಡಿ: ಪುಸ್ತಕವೂ ಇಲ್ಲ, ಮೊದಲ ಭಾಗವೂ ಇಲ್ಲ, ಚಿತ್ರ ತನ್ನ ಕಾಲ ಮೇಲೆ ನಿಂತಿದೆಯೇ? ಗಡಿಯಾರ ಕೈಯಲ್ಲಿಟ್ಟುಕೊಂಡು ಮೂರು ಹೊತ್ತನ್ನು ಗುರುತಿಸಿ. ಹಿಂದಿನ ಕಥೆಯನ್ನು ನೆನಪಿಸಲು ಎಷ್ಟು ನಿಮಿಷ ತೆಗೆದುಕೊಂಡಿತು, ಅದನ್ನು ಮಾತಿನಲ್ಲಿ ಒಪ್ಪಿಸಿತೇ ಅಥವಾ ಘಟನೆಯಲ್ಲಿ ಕರಗಿಸಿತೇ? ಮುಖ್ಯ ಪಾತ್ರಕ್ಕೆ ಏನು ಬೇಕೆಂಬುದು ಎಷ್ಟನೆಯ ನಿಮಿಷಕ್ಕೆ ತಿಳಿಯಿತು? ಅರ್ಧ ಗಂಟೆ ದಾಟಿಯೂ ತಿಳಿಯದಿದ್ದರೆ ಚಿತ್ರ ಪುಸ್ತಕದ ಓದುಗರನ್ನೇ ನೆಚ್ಚಿಕೊಂಡಿದೆ ಎಂದರ್ಥ. ಮೂರನೆಯದು, ಕೊನೆಯ ಹೋರಾಟವನ್ನು ಗೆಲ್ಲಿಸಿದ ವಸ್ತು ಅಥವಾ ಗುಣ ಮೊದಲು ತೆರೆಗೆ ಬಂದದ್ದು ಯಾವಾಗ? ಚಿತ್ರದ ಮೊದಲರ್ಧದಲ್ಲಿ ಅದರ ಸುಳಿವಿಲ್ಲದಿದ್ದರೆ ಗೆಲುವು ಆಕಾಶದಿಂದ ಉದುರಿದ್ದು.

ಇದಕ್ಕೆ ಇನ್ನೊಂದು ಪರೀಕ್ಷೆಯಿದೆ, ಬಹಳ ಸರಳ, ತಪ್ಪುವುದು ಅಪರೂಪ. ಪುಸ್ತಕ ಓದದ ಮಗುವೊಂದಕ್ಕೆ ಮಾರನೆಯ ದಿನ ಕಥೆ ಹೇಳಲು ಹೇಳಿ, ಮಧ್ಯೆ ತಿದ್ದಬೇಡಿ. ‘ಅದಕ್ಕೇ ಅವನು…’, ‘ಆದ್ದರಿಂದ ಅವಳು…’ ಎನ್ನುತ್ತಾ ಸಾಗಿದ ಕಡೆ ಚಿತ್ರಕಥೆ ಗಟ್ಟಿ. ‘ಆಮೇಲೆ ಏನೋ ಆಗಿ…’, ‘ಆಮೇಲೆ ಜಗಳ…’ ಎಂದು ಜಾರಿದ ಕಡೆ ಕಾರಣದ ಕೊಂಡಿ ಕಳಚಿದೆ. ಆ ಜಾಗವನ್ನು ಪುಸ್ತಕದಲ್ಲಿ ತೆರೆದು ನೋಡಿ. ಬಿಟ್ಟುಹೋದ ದೃಶ್ಯ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಫ್ಯಾಂಟಸಿಗೆ ಮಾತ್ರ ಅನ್ವಯಿಸುವ ಅಳತೆಯೊಂದಿದೆ: ಮಾಯೆಯ ಬೆಲೆ. ಮಂತ್ರ ಏನು ಮಾಡಬಲ್ಲದು ಎನ್ನುವುದಕ್ಕಿಂತ ಏನು ಮಾಡಲಾರದು, ಮಾಡಿದರೆ ಏನು ಕಳೆಯಬೇಕು ಎಂಬುದರಲ್ಲಿ ಕಥೆ ಇರುತ್ತದೆ. ಮಿಖಾಯೆಲ್ ಎಂಡೆ 1979ರಲ್ಲಿ ಬರೆದ ‘ನೆವರ್ ಎಂಡಿಂಗ್ ಸ್ಟೋರಿ’ಯ ಉತ್ತರಾರ್ಧದಲ್ಲಿ ಬಾಸ್ಟಿಯನ್ ಎಂಬ ಹುಡುಗ ಪದಕವೊಂದನ್ನು ಧರಿಸಿ ಬಯಸಿದ್ದನ್ನೆಲ್ಲ ಪಡೆಯುತ್ತಾನೆ, ಒಂದೊಂದು ಬಯಕೆಗೂ ತನ್ನ ಲೋಕದ ಒಂದೊಂದು ನೆನಪು ಅಳಿಸಿಹೋಗುತ್ತದೆ. 1984ರ ಮೊದಲ ಚಿತ್ರ ಪುಸ್ತಕದ ಸುಮಾರು ಅರ್ಧಕ್ಕೇ ನಿಂತಿತ್ತು, 1990ರ ಎರಡನೇ ಭಾಗ ಈ ಉತ್ತರಾರ್ಧಕ್ಕೆ ಕೈ ಹಾಕಿತು. ನೆನಪು ಅಳಿಯುವ ನಿಯಮ ಅಲ್ಲೂ ಇದೆ. ಆದರೆ ಅಲ್ಲಿ ನೆನಪುಗಳನ್ನು ಕಸಿಯುವುದು ಮಾಟಗಾತಿಯ ಒಂದು ಯಂತ್ರ. ಸಣ್ಣ ಬದಲಾವಣೆಯಂತೆ ಕಾಣುತ್ತದೆ, ಕಥೆಯ ಬೆನ್ನುಮೂಳೆಯೇ ಮುರಿದಿದೆ. ಪುಸ್ತಕದಲ್ಲಿ ಹುಡುಗ ತನ್ನ ಆಸೆಗೆ ತಾನೇ ಹೊಣೆ; ಚಿತ್ರದಲ್ಲಿ ಅವನು ಮೋಸಹೋದವನು. ತಪ್ಪು ಮಾಟಗಾತಿಯದಾದ ಮೇಲೆ ಹೊಣೆ ಅವನ ಆಸೆಯ ಮೇಲೆ ಬೀಳುವುದಿಲ್ಲ. ಆದ್ದರಿಂದ ಮಗಳಿಗೆ ಹೇಳಿ: ನಿಯಮ ಉಳಿದಿದೆಯೇ ಎಂದಷ್ಟೇ ನೋಡಬೇಡ, ಬೆಲೆ ಕಟ್ಟುವವರು ಯಾರು ಎಂದು ನೋಡು.

ಗ್ರಾಫಿಕ್ಸ್ ಬಗ್ಗೆ ‘ಸೂಪರ್’ ಅಥವಾ ‘ಕಳಪೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ನಾಲ್ಕು ಕಡೆ ಕಣ್ಣಿಡಿ. ಪ್ರಾಣಿಯ ಪಾದ ನೆಲ ಮುಟ್ಟುವಲ್ಲಿ ಹುಲ್ಲು ಬಾಗುತ್ತದೆಯೇ, ಧೂಳು ಏಳುತ್ತದೆಯೇ, ನೆರಳು ಪಾದಕ್ಕೆ ಅಂಟಿಕೊಂಡಿದೆಯೇ? ಗಾಳಿಗೆ ನಟಿಯ ಕೂದಲು ಒಂದು ಕಡೆ, ಪ್ರಾಣಿಯ ಜೂಲು ಇನ್ನೊಂದು ಕಡೆ ಹಾರುತ್ತಿದೆಯೇ? ಮಗುನಟ ನೋಡುತ್ತಿರುವುದು ಪ್ರಾಣಿಯ ಕಣ್ಣನ್ನೋ ಅದರ ಹಣೆಯ ಮೇಲಿನ ಶೂನ್ಯವನ್ನೋ? ಮಗು ಅದನ್ನು ಮುಟ್ಟಿದಾಗ ತುಪ್ಪಳ ಒತ್ತುತ್ತದೆಯೇ? ಮುಟ್ಟುವ ದೃಶ್ಯವೇ ಎಲ್ಲಕ್ಕಿಂತ ಕಷ್ಟದ್ದು; ಅದನ್ನು ಬೆಳಕಿನಲ್ಲಿ, ಕತ್ತರಿಸದೆ ಮೂರು ನಾಲ್ಕು ಸೆಕೆಂಡು ತೋರಿಸಿದ್ದರೆ ಮಾಡಿದವರಿಗೆ ತಮ್ಮ ಕೆಲಸದ ಮೇಲೆ ನಂಬಿಕೆಯಿತ್ತು. ಮಳೆ, ಹೊಗೆ, ರಾತ್ರಿ, ಕ್ಷಣಕ್ಕೊಂದು ಕಟ್, ಇವು ಎಲ್ಲ ಕಡೆ ಒಟ್ಟಿಗೆ ಬಂದರೆ ಏನನ್ನೋ ಮರೆಮಾಡಲಾಗಿದೆ. ಇಷ್ಟೆಲ್ಲ ನೋಡಿಯೂ ಇದಕ್ಕೆ ಕೊನೆಯ ಜಾಗ ಕೊಡಿ. ಗ್ರಾಫಿಕ್ಸ್ ಸಾಧಾರಣವಿದ್ದೂ ಮಗುನಟಿಯ ಮುಖದಲ್ಲಿ ನಂಬಿಕೆಯಿದ್ದರೆ ನಾವೂ ನಂಬುತ್ತೇವೆ.

ನಟನೆಯನ್ನು ಡಬ್ಬಿಂಗ್ ಆವೃತ್ತಿ ನೋಡಿ ತೂಗಬೇಡಿ. ದನಿ ಬೇರೆಯವರದ್ದು; ಹೆದರಿಕೆಯನ್ನು ಪಿಸುಗುಟ್ಟಿದ ನಟ ಡಬ್ಬಿಂಗ್‌ನಲ್ಲಿ ಕಿರುಚಿರಬಹುದು. ಒಂದೆರಡು ಮುಖ್ಯ ದೃಶ್ಯಗಳನ್ನಾದರೂ ಮೂಲ ದನಿಯಲ್ಲಿ ಕೇಳಿ.

ಗಳಿಕೆಯ ಅಂಕಿಗಳಿಂದ ದೂರವಿರಿ. ಪಾಟರ್ ಸರಣಿಯ ಎಂಟು ಚಿತ್ರಗಳಲ್ಲಿ ಅತಿ ಕಡಿಮೆ ಗಳಿಸಿದ್ದು ಮೇಲೆ ಹೇಳಿದ ಮೂರನೆಯ ಚಿತ್ರವೇ. ನಾರ್ನಿಯಾದ ಮೊದಲ ಚಿತ್ರ ಜಗತ್ತಿನಾದ್ಯಂತ ಸುಮಾರು 74 ಕೋಟಿ ಡಾಲರ್ ತಂದರೆ ಎರಡನೆಯದು ಸುಮಾರು 42 ಕೋಟಿ. ಅದರ ನಂತರ ಡಿಸ್ನಿ ಸಂಸ್ಥೆ ಸರಣಿಯಿಂದ ಹಿಂದೆ ಸರಿಯಿತು. ಮೊದಲನೆಯದು ಡಿಸೆಂಬರಿನ ರಜೆಗೆ ಬಂದಿತ್ತು, ಎರಡನೆಯದು ಮೇ ತಿಂಗಳ ದೊಡ್ಡ ಚಿತ್ರಗಳ ನೂಕುನುಗ್ಗಲಿಗೆ. ಲೂಸಿಯ ರಾತ್ರಿ ಕನಸಾಗಿಬಿಟ್ಟದ್ದು ಈ ಯಾವ ಅಂಕಿಯಲ್ಲೂ ಕಾಣುವುದಿಲ್ಲ.

ಇನ್ನು ಮಗಳ ವಿಮರ್ಶೆಯ ಕೆಲಸ. ಪುಸ್ತಕವನ್ನು ಈಗಲೇ ಮತ್ತೆ ಓದಬಾರದು. ಮೊದಲು ನೆನಪಿನಿಂದಲೇ ಪುಸ್ತಕದ ಆರು ದೃಶ್ಯಗಳನ್ನು ಬರೆಯಲಿ, ಆರಕ್ಕಿಂತ ಹೆಚ್ಚು ಬೇಡ. ತಾನಾಗಿ ನೆನಪಿಗೆ ಬಂದ ಆ ಆರೇ ಅವಳ ಮಟ್ಟಿಗೆ ಪುಸ್ತಕ. ನಂತರ ಚಿತ್ರವನ್ನು ಎರಡನೇ ಸಲ ನೋಡಲಿ, ಈ ಸಲ ಅಲ್ಲಲ್ಲಿ ನಿಲ್ಲಿಸುತ್ತಾ. ಮೊದಲ ನೋಟದ ಸಿಟ್ಟಿನಲ್ಲಿ ‘ಇಲ್ಲ’ ಎಂದುಕೊಂಡ ಒಂದೆರಡು ದೃಶ್ಯ ಬೇರೆ ವೇಷದಲ್ಲಿ ಇರುವುದು ಆಗ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಸಾಕು: ಪುಸ್ತಕದಲ್ಲಿ ಏನಿತ್ತು, ಚಿತ್ರದಲ್ಲಿ ಏನಿದೆ, ಆ ಕೆಲಸ ಏನಾಯಿತು. ಮೂರನೆಯ ಕಾಲಂ ತುಂಬಲು ಅವಳು ಒದ್ದಾಡುತ್ತಾಳೆ, ಒದ್ದಾಡಲಿ. ವಿಮರ್ಶೆ ಇರುವುದು ಅಲ್ಲಿ. ಪುಸ್ತಕ ತೆರೆಯುವುದು ಇದೆಲ್ಲ ಆದ ಮೇಲೆ, ಸರಿನೋಡಲು ಮಾತ್ರ.

ಗೋಡೆಪತ್ರಿಕೆಗೆ ಮುನ್ನೂರು ಪದ ಎಂದಿಟ್ಟುಕೊಂಡರೆ ಕಥೆಗೆ ಐವತ್ತು ಮೀರಬಾರದು, ಕೊನೆ ಹೇಳಬಾರದು. ಒಂದು ಒಳ್ಳೆಯ ಬದಲಾವಣೆ, ಒಂದು ಕೆಟ್ಟ ಬದಲಾವಣೆ, ಎರಡನ್ನೂ ದೃಶ್ಯ ಸಮೇತ ವಿವರವಾಗಿ ಬರೆಯಲಿ. ಹತ್ತು ಬದಲಾವಣೆಗಳ ಪಟ್ಟಿಗಿಂತ ಇದು ಮೇಲು. ಮೊದಲ ಭಾಗ ನೋಡದವರಿಗೆ, ಪುಸ್ತಕ ಓದದವರಿಗೆ ಅರ್ಥವಾಗುತ್ತದೆಯೇ ಎಂಬುದಕ್ಕೆ ಒಂದು ವಾಕ್ಯ ಮೀಸಲಿಡಲಿ, ಆ ವಾಕ್ಯಕ್ಕೆ ನಿಮ್ಮನ್ನೇ ಸಾಕ್ಷಿಯಾಗಿ ಕೇಳಲಿ. ಯಾವ ದೃಶ್ಯಕ್ಕೆ ಚಿಕ್ಕ ತರಗತಿಯವರು ಹೆದರಬಹುದು ಎಂದೂ ತಿಳಿಸಲಿ, ಏಕೆಂದರೆ ಗೋಡೆಪತ್ರಿಕೆಯನ್ನು ಅವರೂ ಓದುತ್ತಾರೆ. ‘ಎಲ್ಲಾ ಹಾಳು ಮಾಡಿದ್ದಾರೆ’ ಎಂಬ ಮೊದಲ ಮಾತನ್ನು ಅಳಿಸುವುದು ಬೇಡ. ಅದರ ಮುಂದೆ ‘ಏಕೆಂದರೆ’ ಎಂದು ಬರೆದು, ಮೂರನೆಯ ಕಾಲಂನಲ್ಲಿ ಖಾಲಿ ಉಳಿದ ಸಾಲು ಯಾವುದೋ ಅಲ್ಲಿಂದ ಶುರುಮಾಡಲಿ.